ಸೈಕಲ್ ಕ್ರ್ಯಾಂಕಿಗೆ ಡಿಪಿ ಕಿಟ್ ಬೇಕಾ? ನನ್ನ ಪ್ರಕಾರ ಬೇಕು

ಬೈಕಂಪಾಡಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ವೆಲ್ಡಿಂಗ್ ಸಾಮಾನು ಮಾರುವ ಅಂಗಡಿಗೆ ಹೋಗಿ "ಡಿಪಿ ಕಿಟ್ ಉಂಟಾ?" ಅಂತ ಕೇಳಿದರೆ ಮೂರು ಸ್ಪ್ರೇ ಕ್ಯಾನ್ ತಂದು ಕೌಂಟರ್ ಮೇಲೆ ಇಡುತ್ತಾರೆ. ಡಿಪಿ ಅಂದರೆ ಡೈ ಪೆನಿಟ್ರೆಂಟ್, ಲೋಹದ ಬಿರುಕನ್ನು ಬಣ್ಣ ಹಾಕಿ ತೋರಿಸುವ ಸಾಮಾನು. ಒಂದು ಕ್ಲೀನರ್, ಒಂದು ಕೆಂಪು ಪೆನಿಟ್ರೆಂಟ್, ಒಂದು ಬಿಳಿ ಡೆವಲಪರ್. ಮೂರೂ ಸೇರಿ ನನಗೆ ಸಾವಿರದ ಮೇಲೆ ಸ್ವಲ್ಪ ಚಿಲ್ಲರೆ ಆಯಿತು. ಯಾವ ಕಂಪನಿ ಹೆಸರಿಗೆ ಬಿಲ್ ಮಾಡಬೇಕು ಅಂತ ಕೇಳಿದರು. ಮನೆಗೆ ಅಂದೆ. "ಮನೆಯಲ್ಲಿ ಎಂತ ಮೇಡಂ, ಬಾಯ್ಲರ್ ಉಂಟಾ?"

ಬಾಯ್ಲರ್ ಇಲ್ಲ. ಸೈಕಲ್ ಉಂಟು.

ನಾನು ಮಂಗಳೂರಿನ ಹೊರವಲಯದ ಒಂದು ಇಂಜಿನಿಯರಿಂಗ್ ಕಾಲೇಜಿನ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್. ಲೋಹದ ಕಡ್ಡಿಗಳನ್ನು ಎಳೆದು, ಬಗ್ಗಿಸಿ, ತಿರುಚಿ ಮುರಿಯುವುದೇ ನನ್ನ ಸಂಬಳದ ಕೆಲಸ. ಆದಿತ್ಯವಾರ ಬೆಳಿಗ್ಗೆ ಒಂದು ಸೈಕಲ್ ಗುಂಪಿನ ಜೊತೆ ಹೆದ್ದಾರಿ 66ರಲ್ಲಿ ಉಡುಪಿ ಕಡೆ ತುಳಿಯುತ್ತೇನೆ. ಹೆಚ್ಚಾಗಿ ಕಾಪು ಲೈಟ್‌ಹೌಸ್ ತನಕ. ಕಾಲಿಗೆ ಉಮೇದು ಇದ್ದರೆ ಮಲ್ಪೆ ತನಕ.

ಗುಂಪಿನಲ್ಲಿ ಈಗ ಎಲ್ಲರಿಗೂ ಒಂದೇ ಮರುಳು, 7075. ಕ್ರ್ಯಾಂಕ್ (ಪೆಡಲ್ ಕೂರುವ ತೋಳು), ಚೈನ್‌ರಿಂಗ್ (ಚೈನ್ ಕೂರುವ ಹಲ್ಲಿನ ಚಕ್ರ), ಬೈಕಿನ ಸ್ಪ್ರಾಕೆಟ್, ಯಾವುದೇ ಆಗಲಿ, ಮೇಲೆ '7075-ಟಿ6' ಅಂತ ಕೊರೆದಿರಬೇಕು. ಟಿ6 ಅಂದರೆ ಕಾಯಿಸಿ ಗಟ್ಟಿ ಮಾಡಿದ ಹದ. ವಿಮಾನಕ್ಕೆ ಹಾಕುವ ಅಲ್ಯೂಮಿನಿಯಂ ಅಂತ ಮಾರುವವರೂ ಹೇಳುತ್ತಾರೆ, ಕೊಂಡವರೂ ಹೇಳುತ್ತಾರೆ. ಅದು ಸುಳ್ಳಲ್ಲ. ಸತು, ಮೆಗ್ನೀಸಿಯಂ, ತಾಮ್ರ ಬೆರೆಸಿದ ಈ ಜಾತಿಯ ಅಲ್ಯೂಮಿನಿಯಂ ಅನ್ನು ಜಪಾನಿನ ಸುಮಿಟೊಮೊದವರು 1936ರ ಹೊತ್ತಿಗೇ ಮಾಡಿಟ್ಟಿದ್ದರು. ಅವರ ಜೀರೋ ಯುದ್ಧವಿಮಾನದ ರೆಕ್ಕೆಯೊಳಗಿನ ತೊಲೆ ಅದರದ್ದೇ. ಅಮೆರಿಕದ ಅಲ್ಕೋವಾ 1943ರಲ್ಲಿ 7075 ತಂದಿತು. ಎಳೆದು ಮುರಿಯುವ ಪರೀಕ್ಷೆಯಲ್ಲಿ 7075-ಟಿ6 ಸುಮಾರು 570 ಮೆಗಾಪಾಸ್ಕಲ್ ತಡೆಯುತ್ತದೆ. ಸಾಮಾನ್ಯ ಸೈಕಲ್ ಫ್ರೇಮಿನ 6061-ಟಿ6 ಸುಮಾರು 310. ಹೆಚ್ಚುಕಡಿಮೆ ಎರಡು ಪಟ್ಟು. ಇದನ್ನು ನೋಡಿಯೇ ಎಲ್ಲರೂ ದುಡ್ಡು ಕೊಡುವುದು.

ಆದರೆ ಕ್ರ್ಯಾಂಕನ್ನು ಯಾರೂ ಒಂದೇ ಸಲ ಎಳೆದು ಮುರಿಯುವುದಿಲ್ಲ ಅಲ್ವಾ? ಅದರ ಮೇಲೆ ಬೀಳುವುದು ಸಣ್ಣ ಹೊರೆ, ಲಕ್ಷಾಂತರ ಸಲ. 50 ಕೋಟಿ ಸಲ ತಾಳಬೇಕು ಅಂದರೆ 7075ಕ್ಕೆ ಹಾಕಬಹುದಾದ ಒತ್ತಡ ಸುಮಾರು 160ಕ್ಕೆ ಇಳಿಯುತ್ತದೆ. 6061ಕ್ಕೆ ಸುಮಾರು 97. ಅಂದರೆ ಜಂಬದ ನಂಬರಿನ ಮೂರರಲ್ಲಿ ಒಂದು ಭಾಗವೂ ಇಲ್ಲ. ಅದೂ ನುಣ್ಣಗೆ ಪಾಲಿಷ್ ಮಾಡಿದ, ಒಂದು ಗೀರೂ ಇಲ್ಲದ ಲ್ಯಾಬಿನ ಕಡ್ಡಿಗೆ. ಪೆಡಲ್ ತೂತಿನ ಥ್ರೆಡ್‌ಗೆ ಅಲ್ಲ. ಸಾಧಾರಣ ಉಕ್ಕಿಗಾದರೆ ಒಂದು ಕೆಳಗಿನ ಮಿತಿ ಉಂಟು. ಅದಕ್ಕಿಂತ ಕಡಿಮೆ ಹೊರೆ ಹಾಕಿದರೆ ಎಷ್ಟು ಸಲ ಹಾಕಿದರೂ ತಾಳುತ್ತದೆ ಅಂತ ಲೆಕ್ಕ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಹೊರೆ ಕಡಿಮೆ ಮಾಡಿದರೆ ಹೆಚ್ಚು ಕಾಲ ಬರುತ್ತದೆ, ಅಷ್ಟೇ.

ನಮ್ಮ ಲ್ಯಾಬಿನಲ್ಲಿ ಇದನ್ನು ತೋರಿಸುವ ಫಟೀಗ್ ಮಷಿನ್ ಇದೆ. ಕಡ್ಡಿ ತಿರುಗುತ್ತಿರುತ್ತದೆ, ತೂಕ ನೇತಾಡುತ್ತಿರುತ್ತದೆ, ಪಕ್ಕದ ಕೌಂಟರ್ ಸುತ್ತು ಎಣಿಸುತ್ತದೆ. ನಿಮಿಷಕ್ಕೆ 3,000 ಸುತ್ತಿನ ಹಾಗೆ ಬಿಟ್ಟರೆ 50 ಕೋಟಿ ಮುಟ್ಟಲು ಸುಮಾರು 116 ದಿನ ಬೇಕು. ಮಕ್ಕಳಿಗೆ ಅಷ್ಟು ಪುರುಸೊತ್ತು ಎಲ್ಲಿ? ತೂಕ ಜಾಸ್ತಿ ಹಾಕಿ ಮಧ್ಯಾಹ್ನದ ಊಟದೊಳಗೆ ಮುರಿಸುತ್ತೇವೆ. ಪ್ರತಿ ಬ್ಯಾಚಿನಲ್ಲೂ ಒಬ್ಬ ಹುಡುಗ ಕಡ್ಡಿಯನ್ನೇ ದಿಟ್ಟಿಸಿಕೊಂಡು ಕೂರುತ್ತಾನೆ, ಯಾವಾಗ ಬಗ್ಗುತ್ತದೆ ನೋಡುವಾ ಅಂತ. ಅದು ಬಗ್ಗುವುದೇ ಇಲ್ಲ. ಟಕ್ ಅಂತ ಒಂದು ಸದ್ದು, ಮಷಿನ್ ತಾನಾಗಿ ಆಫ್. ಎರಡು ತುಂಡು ಒಟ್ಟಿಗೆ ಹಿಡಿದರೆ ಕಡ್ಡಿ ಮೊದಲಿನಷ್ಟೇ ನೇರ.

ಸೈಕಲ್ ಲೆಕ್ಕಕ್ಕೆ ಬನ್ನಿ. ನಿಮಿಷಕ್ಕೆ 75 ಸುತ್ತು, ನಾಲ್ಕು ಗಂಟೆ ತುಳಿತ, 18,000 ಸಲ ಒಂದು ಕ್ರ್ಯಾಂಕಿನ ಮೇಲೆ ನಿಮ್ಮ ಭಾರ ಬಿತ್ತು. ಒಂದು ಆದಿತ್ಯವಾರದ ಲೆಕ್ಕ ಇದು. ಸೆಕೆಂಡ್ ಹ್ಯಾಂಡ್ ಸೈಕಲ್ ಕೊಂಡವರಿಗೆ ಹಿಂದಿನ ಮಾಲೀಕನ ಆದಿತ್ಯವಾರಗಳು ಫ್ರೀ.

ಹೀಗಿರುವಾಗ ನನಗೆ ಬೇಕಾದದ್ದು ಇನ್ನೂ ಗಟ್ಟಿ ಕ್ರ್ಯಾಂಕ್ ಅಲ್ಲ. ಇರುವ ಕ್ರ್ಯಾಂಕಿನಲ್ಲಿ ಬಿರುಕು ಬಿಟ್ಟಿದೆಯಾ ಇಲ್ಲವಾ ಅಂತ ಹೇಳುವ ಸಾಧನ. ಕಬ್ಬಿಣದ ಸಾಮಾನಾದರೆ ಮ್ಯಾಗ್ನೆಟ್ ಹಿಡಿದು ಪುಡಿ ಉದುರಿಸಿ ನೋಡಬಹುದು. ಅಲ್ಯೂಮಿನಿಯಂಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ. ವಿದ್ಯುತ್ತಿನಿಂದ ಬಿರುಕು ಹುಡುಕುವ ಎಡ್ಡಿ ಕರೆಂಟ್ ಮಷಿನ್ ಮನೆಗೆ ತರುವ ಬಾಬತ್ತಲ್ಲ. ಉಳಿದದ್ದು ಈ ಮೂರು ಕ್ಯಾನ್.

ಕೆಲಸ ಮಾಡುವ ರೀತಿ ಸುಲಭ. ಸಾಮಾನನ್ನು ಚೆನ್ನಾಗಿ ತೊಳೆದು ಕ್ಲೀನರ್ ಹಾಕಿ ಒರೆಸಬೇಕು. ಒಣಗಿದ ಮೇಲೆ ಕೆಂಪು ಹೊಡೆಯಬೇಕು. ಅದು ತೆಳ್ಳಗಿನ ಎಣ್ಣೆಯಂಥದ್ದು, ಎಷ್ಟು ಸಣ್ಣ ಸಂದು ಇದ್ದರೂ ಒಳಗೆ ಇಳಿಯುತ್ತದೆ. ಹತ್ತು ಹದಿನೈದು ನಿಮಿಷ ಬಿಡಿ. ನಾನು ಇಪ್ಪತ್ತು ಬಿಡುತ್ತೇನೆ, ಆ ಹೊತ್ತಿಗೆ ಚಾ ಆಗುತ್ತದೆ. ಆಮೇಲೆ ಮೇಲಿನ ಕೆಂಪನ್ನು ಒಣ ಬನಿಯನ್ ಬಟ್ಟೆಯಲ್ಲಿ ಒರೆಸಿ, ಕೊನೆಗೆ ಬಟ್ಟೆಗೆ ಸ್ವಲ್ಪ ಕ್ಲೀನರ್ ತಾಗಿಸಿಕೊಂಡು ಒರೆಸಬೇಕು. ಇಲ್ಲಿಯೇ ಜನ ಹಾಳು ಮಾಡುವುದು. ಕ್ಲೀನರನ್ನು ಸೀದಾ ಸಾಮಾನಿನ ಮೇಲೆ ಹೊಡೆದುಬಿಡುತ್ತಾರೆ. ಬಿರುಕಿನ ಒಳಗಿದ್ದ ಕೆಂಪೂ ತೊಳೆದು ಹೋಗುತ್ತದೆ. ಆಮೇಲೆ "ಏನೂ ಇಲ್ಲ, ಕ್ರ್ಯಾಂಕ್ ಫಸ್ಟ್ ಕ್ಲಾಸ್" ಅಂತ ಖುಷಿ.

ಕೊನೆಗೆ ಡೆವಲಪರ್. ಕ್ಯಾನ್ ಚೆನ್ನಾಗಿ ಕುಲುಕಿ, ಒಂದು ಗೇಣು ದೂರದಿಂದ ತೆಳ್ಳಗೆ ಹೊಡೆಯಬೇಕು. ದಪ್ಪ ಹೊಡೆದರೆ ಸಣ್ಣ ಗುರುತು ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಒಣಗಿ ಬಿಳಿ ಪುಡಿ ಕೂತ ಮೇಲೆ ಅದು ಬಿರುಕಿನ ಒಳಗಿನ ಕೆಂಪನ್ನು ಹೊರಗೆ ಹೀರುತ್ತದೆ.

ಮಳೆಗಾಲದಲ್ಲಿ ನಮ್ಮ ಊರಿಗೆ ಬೇಕಾದ ಒಂದು ಹೆಚ್ಚಿನ ಕೆಲಸ ಕ್ಯಾನಿನ ಮೇಲೆ ಬರೆದಿಲ್ಲ. ತೊಳೆದ ನೀರು ಬಿರುಕಿನೊಳಗೆ ಕೂತಿದ್ದರೆ ಕೆಂಪು ಒಳಗೆ ಹೋಗಲು ಜಾಗ ಇಲ್ಲ. ಜುಲೈಯಲ್ಲಿ ಬಟ್ಟೆಯೇ ಒಣಗದ ಮನೆಯಲ್ಲಿ ಕ್ರ್ಯಾಂಕ್ ತಾನಾಗಿ ಎಲ್ಲಿ ಒಣಗುತ್ತದೆ? ನಾನು ಮಗಳ ಹೇರ್ ಡ್ರೈಯರ್ ಹಿಡಿದು ಒಣಗಿಸಿ, ಕೈಗೆ ತಣ್ಣಗೆ ಹತ್ತುವ ತನಕ ಬಿಟ್ಟು, ಆಮೇಲೆ ಕೆಂಪು ಹಾಕುತ್ತೇನೆ. ಬಿಸಿ ಇರುವಾಗಲೇ ಹಾಕಿದರೆ ಕೆಂಪು ಅಲ್ಲೇ ಆರಿಹೋಗುತ್ತದೆ. ಹೇರ್ ಡ್ರೈಯರಿಗೆ ಸೀಮೆಎಣ್ಣೆ ವಾಸನೆ ಅಂತ ಮಗಳ ದೂರು ಬೇರೆ.

ಕಿಟ್ ತನ್ನ ಬೆಲೆ ತೀರಿಸಿದ್ದು ನಮ್ಮ ಗುಂಪಿನ ಬ್ಯಾಂಕಿನ ಅಣ್ಣನ ಸೈಕಲಿನಲ್ಲಿ. ಸೆಕೆಂಡ್ ಹ್ಯಾಂಡ್ ಸೈಕಲ್, ಕಪ್ಪು ಬಣ್ಣದ 7075 ಕ್ರ್ಯಾಂಕ್. ಎಡ ಪೆಡಲಿನ ಕಡೆ ಟಿಕ್ ಟಿಕ್ ಅಂತ ಸದ್ದು ಬರುತ್ತಿತ್ತು. ಪೆಡಲ್ ಬದಲಾಯಿಸಿದರು, ಬೇರಿಂಗ್ ಬದಲಾಯಿಸಿದರು. ಸದ್ದು ಹೋಗಲಿಲ್ಲ. ಒಂದು ಸಂಜೆ ಕ್ರ್ಯಾಂಕ್ ಬಿಚ್ಚಿ ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟೆವು. ಪೆಡಲ್ ತೂತಿನ ಸುತ್ತ ಷೂ ಉಜ್ಜಿ ಉಜ್ಜಿ ಬಣ್ಣ ಹೋಗಿ ಬೆಳ್ಳಗೆ ಕಾಣುತ್ತಿತ್ತು. ಬರಿಗಣ್ಣಿಗೆ ಅಲ್ಲಿ ಹತ್ತಾರು ಗೀರು, ಒಂದರ ಹಾಗೆ ಇನ್ನೊಂದು.

ಡೆವಲಪರ್ ಒಣಗುತ್ತಾ ಬಂತು. ಗೀರುಗಳಲ್ಲಿ ಒಂದೂ ಕಾಣಲಿಲ್ಲ. ಅವು ಆಳ ಇಲ್ಲದ್ದು, ಬಟ್ಟೆಗೇ ಒರೆಸಿಹೋಗಿದ್ದವು. ಒಂದು ಮಾತ್ರ ತೂತಿನ ಅಂಚಿನಿಂದ ಹೊರಟು ಹೊರಗಿನ ಅಂಚಿನ ಕಡೆ ಓರೆಯಾಗಿ ಬಂತು. ಮೊದಲು ಗುಲಾಬಿ, ಚುಕ್ಕಿ ಚುಕ್ಕಿ. ನೋಡುತ್ತಿದ್ದ ಹಾಗೆ ಚುಕ್ಕಿಗಳು ಕೂಡಿ ಗೆರೆಯಾಯಿತು. ಐದು ನಿಮಿಷದಲ್ಲಿ ಗೆರೆ ದಪ್ಪಗಾಗಿ ಅಂಚು ಹರಡಿಕೊಂಡಿತು. ಒರೆಸಿ ಮತ್ತೆ ಡೆವಲಪರ್ ಹೊಡೆದೆ. ಅದೇ ಜಾಗದಲ್ಲಿ ಅದೇ ಗೆರೆ ಮತ್ತೆ ಬಂತು. ಒಳಗಿನಿಂದ ಬರುತ್ತಾ ಇದ್ದರೆ ಅದು ಬಿರುಕು, ಅನುಮಾನ ಬೇಡ. "ಅಕ್ಕ, ನಾನು ನಿನ್ನೆ ಕದ್ರಿ ಗುಡ್ಡ ನಿಂತುಕೊಂಡು ತುಳಿದದ್ದು ಇದರಲ್ಲೇ" ಅಂತ ಅಣ್ಣ ಕಲ್ಲಿನ ಮೇಲೆ ಕೂತರು.

ಫೋಟೋ ತೆಗೆದು ಸೈಕಲ್ ಮಾರಿದ ಅಂಗಡಿಗೆ ಕಳಿಸಿದರು. "ಅದು ಗೀರು ಸಾರ್, ಸುಮ್ನೆ ತುಳಿಯಿರಿ, 7075 ಅಲ್ವಾ" ಅಂತ ಉತ್ತರ ಬಂತು. ಇಂಥ ಉತ್ತರ ಕೊಡುವವರು ಎಲ್ಲ ಊರಲ್ಲೂ ಇದ್ದಾರೆ, ಹೆಸರು ಬರೆದು ಉಪಯೋಗ ಇಲ್ಲ.

ಮರುದಿನ ಲ್ಯಾಬಿನಲ್ಲಿ ಕ್ರ್ಯಾಂಕನ್ನು ವೈಸಿಗೆ ಕಚ್ಚಿಸಿ, ಎದುರು ಬದಿಯಿಂದ ಹ್ಯಾಕ್ಸಾದಲ್ಲಿ ಕೊಯ್ದು, ಉಳಿದದ್ದನ್ನು ಸುತ್ತಿಗೆ ಪೆಟ್ಟಿನಿಂದ ತೆರೆದೆವು. ಒಳಗಿನ ಮುಖದಲ್ಲಿ ಎರಡು ಬೇರೆ ಬೇರೆ ಪ್ರದೇಶ. ಥ್ರೆಡ್ಡಿನ ಬುಡದಿಂದ ಶುರುವಾಗಿ ಸುಮಾರು ಮೂರು ಮಿಲಿಮೀಟರ್ ತನಕ ನಯವಾದ, ಕಪ್ಪುಗಟ್ಟಿದ ಭಾಗ. ಅದರ ಮೇಲೆ ಪಣಂಬೂರಿನಲ್ಲಿ ಅಲೆ ಹಿಂದೆ ಸರಿದಾಗ ಮರಳಿನ ಮೇಲೆ ಒಂದರ ಹಿಂದೆ ಒಂದು ಉಳಿಯುತ್ತದಲ್ಲ, ಅಂಥ ಬಾಗಿದ ಗೆರೆಗಳು. ಬಿರುಕು ಇಷ್ಟಿಷ್ಟೇ ಮುಂದೆ ಬಂದು ನಿಂತು ಮತ್ತೆ ಮುಂದೆ ಹೋದ ಗುರುತು. ಅದರಾಚೆ ಹೊಸದಾಗಿ ಮುರಿದ ಭಾಗ ಒರಟು, ಬೂದು, ಕಾಳು ಕಾಳು, ಮಿಣಮಿಣ. ಎಲ್ಲ ಗೆರೆಗಳೂ ಒಂದೇ ಬಿಂದುವಿನ ಸುತ್ತ ಬಾಗಿದ್ದವು. ಆ ಬಿಂದುವಿನಲ್ಲಿ ಭೂತಗನ್ನಡಿ ಹಿಡಿದರೆ ಒಂದು ಸಣ್ಣ ಗುಂಡಿ, ತುಕ್ಕು ತಿಂದದ್ದು.

ಮೂರು ಮಿಲಿಮೀಟರ್ ಅಂದರೆ ಎಂತ ಮಹಾ ಅನಿಸಬಹುದು. ಇಲ್ಲಿ 7075ರ ಇನ್ನೊಂದು ನಂಬರು ನೋಡಬೇಕು, ಪೆಟ್ಟಿಗೆ ಮೇಲೆ ಯಾರೂ ಬರೆಯದ್ದು. ಬಿರುಕು ಬಿಟ್ಟ ಮೇಲೆ ಎಷ್ಟು ತಾಳುತ್ತದೆ ಅನ್ನುವ ಗುಣ, ಫ್ರ್ಯಾಕ್ಚರ್ ಟಫ್‌ನೆಸ್. 7075-ಟಿ6ಕ್ಕೆ ಅದು ಸುಮಾರು 25 (ಮೆಗಾಪಾಸ್ಕಲ್ ರೂಟ್ ಮೀಟರ್ ಅನ್ನುವ ಅಳತೆಯಲ್ಲಿ). ಅಷ್ಟು ಬಲಕ್ಕೆ ಇದು ಕಡಿಮೆಯೇ. ಅಂಚಿನ ಬಿರುಕಿಗೆ ಪುಸ್ತಕದ ಸೂತ್ರ ಹಾಕಿದರೆ, 200 ಮೆಗಾಪಾಸ್ಕಲ್ ಒತ್ತಡದಲ್ಲಿ ಬಿರುಕು ಸುಮಾರು 4 ಮಿಲಿಮೀಟರ್ ಆದಾಗ ಉಳಿದದ್ದು ಒಂದೇ ಏಟಿಗೆ ಹೋಗುತ್ತದೆ. ಒತ್ತಡ 300 ಆದರೆ 2 ಮಿಲಿಮೀಟರೂ ಬೇಡ. ಕ್ರ್ಯಾಂಕಿನ ಆಕಾರ ಪುಸ್ತಕದ ತಗಡಿನ ಹಾಗಿಲ್ಲ, ಹಾಗಾಗಿ ಇದು ಅಂದಾಜು ಲೆಕ್ಕ. ಆದರೂ ಗುಡ್ಡ ಹತ್ತುವಾಗ ನಿಂತು ತುಳಿಯುವವರು ಈ ಅಂದಾಜನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಬಿರುಕು ಬೆಳೆಯುವ ವೇಗವೂ ಒಂದೇ ಸಮ ಇರುವುದಿಲ್ಲ. ಪಾಲ್ ಪ್ಯಾರಿಸ್ ಅನ್ನುವವರು 1960ರ ದಶಕದ ಆರಂಭದಲ್ಲಿ ಇದಕ್ಕೆ ಒಂದು ನಿಯಮ ಕೊಟ್ಟರು. ಬಿರುಕಿನ ತುದಿಗೆ ಬೀಳುವ ಒತ್ತಡದ ತೀವ್ರತೆ ಎರಡು ಪಟ್ಟಾದರೆ ಬೆಳವಣಿಗೆ ಎರಡಲ್ಲ, ಎಂಟು ಪಟ್ಟೋ ಅದಕ್ಕಿಂತ ಜಾಸ್ತಿಯೋ ಆಗುತ್ತದೆ. ಬಿರುಕು ಉದ್ದವಾದಷ್ಟೂ ಆ ತೀವ್ರತೆ ಏರುತ್ತದೆ. ಹಾಗಾಗಿ ಕ್ರ್ಯಾಂಕಿನ ಆಯಸ್ಸಿನಲ್ಲಿ ಹೆಚ್ಚಿನ ಭಾಗ ಬಿರುಕು ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿರುವಾಗಲೇ ಕಳೆದಿರುತ್ತದೆ. ಬರಿಗಣ್ಣಿಗೆ ಕಂಡಿತು ಅಂದರೆ ಕೊನೆಯ ಅಧ್ಯಾಯ. ಕೆಂಪು ಬಣ್ಣ ನಮಗೆ ಅದಕ್ಕಿಂತ ಸ್ವಲ್ಪ ಮುಂಚೆ ತೋರಿಸುತ್ತದೆ. ನಾನು ದುಡ್ಡು ಕೊಟ್ಟದ್ದು ಆ ಸ್ವಲ್ಪ ಮುಂಚೆಗೆ.

ವಿಮಾನದವರು ಇದನ್ನು ಯಾವತ್ತೋ ಅರ್ಥ ಮಾಡಿಕೊಂಡಿದ್ದಾರೆ. 7075 ಅಷ್ಟು ಗಟ್ಟಿ ಅಂತ ವಿಮಾನ ಪೂರ್ತಿ ಅದರಲ್ಲೇ ಕಟ್ಟಲಿಲ್ಲ. ಒತ್ತಿಸಿಕೊಳ್ಳುವ ರೆಕ್ಕೆಯ ಮೇಲ್ಭಾಗಕ್ಕೆ 7075ರ ಜಾತಿ. ಮತ್ತೆ ಮತ್ತೆ ಎಳೆಸಿಕೊಳ್ಳುವ ರೆಕ್ಕೆಯ ಕೆಳಭಾಗಕ್ಕೆ, ಮೈಯ ತಗಡಿಗೆ 2024 ಅನ್ನುವ ತಾಮ್ರದ ಜಾತಿ. ಅದು ಬಲದಲ್ಲಿ ಕಡಿಮೆ, ಬಿರುಕು ಇದ್ದರೂ ತಾಳುವುದರಲ್ಲಿ ಮೇಲು. ಇದನ್ನು ನಮ್ಮ ಗುಂಪಿನ 7075 ಭಕ್ತರಿಗೆ ಹೇಳಿದರೆ ಮಾತು ಬದಲಾಯಿಸಿ ಗಡ್‌ಬಡ್ ಐಸ್‌ಕ್ರೀಂಗೆ ಹೋಗುತ್ತಾರೆ.

ಇನ್ನು ನಮ್ಮ ಕಡಲು. ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ ಅನ್ನುವುದು ಪಾತ್ರೆ ಅಂಗಡಿಯ ಮಾತು. 7075ರಲ್ಲಿರುವ ಸತು ಮತ್ತು ತಾಮ್ರದಿಂದಾಗಿ ಉಪ್ಪು ತಾಗಿದರೆ ಗುಂಡಿ ಬೀಳುತ್ತದೆ, ಗುಂಡಿಯ ಬುಡದಲ್ಲಿ ಬಿರುಕು ಹುಟ್ಟುತ್ತದೆ. ಪೆಡಲಿನ ಉಕ್ಕಿನ ಆಕ್ಸಲ್ ಅಲ್ಯೂಮಿನಿಯಂ ತೂತಿನೊಳಗೆ ಕೂತಿರುವಾಗ ನಡುವೆ ಉಪ್ಪುನೀರು ಸೇರಿತೋ, ತಿನ್ನಿಸಿಕೊಳ್ಳುವುದು ಅಲ್ಯೂಮಿನಿಯಂ. ತೇವದ ಗಾಳಿಯಲ್ಲಿ ಬಿರುಕು ಬೆಳೆಯುವುದೂ ಒಣ ಗಾಳಿಗಿಂತ ಬೇಗ. ಉಪ್ಪುನೀರಿನಲ್ಲಿ ಇನ್ನೂ ಬೇಗ. ಟಿ6 ಸ್ಥಿತಿಯ 7075ರಲ್ಲಿ ಸುಮ್ಮನೆ ಬಿಗಿಯಾಗಿ ಎಳೆದಿಟ್ಟರೂ ಸಾಕು, ಉಪ್ಪು ತೇವ ಇದ್ದರೆ ಕಾಲಕ್ರಮದಲ್ಲಿ ತಾನಾಗಿ ಸೀಳುವ ಸ್ವಭಾವವೂ ಇದೆ. ಅದಕ್ಕೇ ಟಿ73 ಅಂತ ಇನ್ನೊಂದು ಹದ ಇದೆ. ಕುಲುಮೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕಾಯಿಸಿ ಬಲ ನೂರಕ್ಕೆ 10ರಿಂದ 15ರಷ್ಟು ಬಿಟ್ಟುಕೊಟ್ಟು, ಈ ಸೀಳುವ ಚಾಳಿಯನ್ನು ಬಹಳ ಮಟ್ಟಿಗೆ ನಿಲ್ಲಿಸುತ್ತಾರೆ. ಸೈಕಲ್ ಪೆಟ್ಟಿಗೆ ಮೇಲೆ ಟಿ73 ಅಂತ ನಾನು ಇನ್ನೂ ನೋಡಿಲ್ಲ. ಮಂಗಳೂರಿನಲ್ಲಿ ಮಾರುವವರು ತಂದರೆ ಮೊದಲ ಗಿರಾಕಿ ನಾನೇ.

ಉಪ್ಪು ಗಾಳಿ ಏನು ಮಾಡುತ್ತದೆ ಅನ್ನುವುದಕ್ಕೆ ನಾನು ಮಕ್ಕಳಿಗೆ ಅಲೋಹಾ ವಿಮಾನದ ಫೋಟೋ ತೋರಿಸುತ್ತೇನೆ. ಹವಾಯಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹಾರುತ್ತಿದ್ದ ಬೋಯಿಂಗ್ 737. 1988ರ ಏಪ್ರಿಲ್ 28ರಂದು 24,000 ಅಡಿ ಎತ್ತರದಲ್ಲಿ ಅದರ ಮುಂಭಾಗದ ಮಾಡು ಸುಮಾರು 18 ಅಡಿ ಉದ್ದಕ್ಕೆ ಕಿತ್ತು ಹಾರಿಹೋಯಿತು. ಒಬ್ಬ ಗಗನಸಖಿ ತೀರಿಹೋದರು. ಉಳಿದವರನ್ನು ಪೈಲಟ್‌ಗಳು ಹಾಗೆಯೇ ಇಳಿಸಿದರು. ದೊಡ್ಡ ದೂರ ಹಾರಿದ ವಿಮಾನ ಅಲ್ಲ ಅದು. ಚಿಕ್ಕ ಚಿಕ್ಕ ಹಾರಾಟ, ಆದರೆ 89,680 ಸಲ. ಪ್ರತಿ ಸಲವೂ ಮೈ ಒಮ್ಮೆ ಉಬ್ಬಿ ಒಮ್ಮೆ ಇಳಿದದ್ದು. ತಗಡಿನ ಜೋಡಣೆಯ ಅಂಟು ಬಿಟ್ಟು, ಒಳಗೆ ತುಕ್ಕು ಹಿಡಿದು, ರಿವೆಟ್ ತೂತುಗಳಿಂದ ಹೊರಟ ಸಣ್ಣ ಬಿರುಕುಗಳು ಒಂದಕ್ಕೊಂದು ಸೇರಿದ್ದವು. ಹತ್ತುವಾಗಲೇ ಒಬ್ಬರು ಪ್ರಯಾಣಿಕರು ಬಾಗಿಲ ಹತ್ತಿರ ಬಿರುಕು ನೋಡಿದ್ದರಂತೆ. ಯಾರಿಗೂ ಹೇಳಲಿಲ್ಲ.

ಎಲ್ಲಿ ಸ್ಪ್ರೇ ಮಾಡಬೇಕು ಅಂತ ಕೇಳುವವರಿಗೆ ಇನ್ನೊಂದು ವಿಮಾನ, ಬ್ರಿಟನ್ನಿನ ಕಾಮೆಟ್. 1954ರ ಜನವರಿಯಲ್ಲಿ ಒಂದು, ಏಪ್ರಿಲ್‌ನಲ್ಲಿ ಇನ್ನೊಂದು ಆಕಾಶದಲ್ಲೇ ಒಡೆದವು. ಆಮೇಲೆ ಫಾರ್ನ್‌ಬರೋದಲ್ಲಿ ಒಂದು ಕಾಮೆಟನ್ನು ದೊಡ್ಡ ನೀರಿನ ತೊಟ್ಟಿಯಲ್ಲಿ ಇಟ್ಟು ಒತ್ತಡ ಏರಿಸಿ ಇಳಿಸಿದರು. ಮೊದಲಿನ ಹಾರಾಟವೂ ಸೇರಿ 3,057 ಸಲಕ್ಕೆ ಮೈ ಸೀಳಿತು, ಅದೂ ಕಂಡಿಯ ಮೂಲೆಯಿಂದ. ಹಾಗಾಗಿ ಸೈಕಲ್ ಪೂರ್ತಿ ಕೆಂಪು ಮಾಡುವುದು ಬೇಡ, ಕ್ಯಾನ್ ಖಾಲಿಯಾಗುತ್ತದೆ. ತೂತು, ಮೂಲೆ, ಥ್ರೆಡ್, ದಪ್ಪ ಇದ್ದದ್ದು ತೆಳ್ಳಗಾಗುವ ಜಾಗ. ಕ್ರ್ಯಾಂಕಿನ ಪೆಡಲ್ ತೂತು, ಚೈನ್‌ರಿಂಗಿನ ಬೋಲ್ಟ್ ತೂತುಗಳು, ಹ್ಯಾಂಡಲನ್ನು ಸ್ಟೆಮ್ ಕಚ್ಚುವ ಅಂಚು. ಇಷ್ಟು ನೋಡಿದರೆ ಸಾಕು. ಹ್ಯಾಂಡಲಿಗೆ ಟೇಪ್ ಸುತ್ತಿದವರು ವರ್ಷಕ್ಕೊಮ್ಮೆ ಟೇಪ್ ಬಿಚ್ಚಿ. ಅಡಿಯಲ್ಲಿ ಬೆವರು ಕೂತು ಬಿಳಿ ಹೂ ಬಿಟ್ಟಿರುತ್ತದೆ.

ಕಿಟ್ಟಿನ ಕೊರತೆಗಳೂ ಇವೆ. ಮೇಲ್ಮೈಗೆ ಬಾಯಿ ತೆರೆದ ಬಿರುಕು ಮಾತ್ರ ಕಾಣುತ್ತದೆ. ಒಳಗೆ ಹುಟ್ಟಿದ್ದು, ಅಂಟಿಸಿದ ಟೊಳ್ಳು ಕ್ರ್ಯಾಂಕಿನ ಒಳಗಡೆಯದ್ದು ಕಾಣುವುದಿಲ್ಲ. ಪೇಂಟ್ ಇದ್ದರೆ ಪೇಂಟ್ ತೆಗೆಯಬೇಕು. ತೆಗೆಯಲು ಸ್ಯಾಂಡ್‌ಪೇಪರ್ ಉಜ್ಜಬೇಡಿ. ಅಲ್ಯೂಮಿನಿಯಂ ಮೆತ್ತಗೆ, ಉಜ್ಜಿದಾಗ ಸವರಿಕೊಂಡು ಬಿರುಕಿನ ಬಾಯಿ ಮುಚ್ಚಿಬಿಡುತ್ತದೆ. ಅನೊಡೈಸ್ ಮಾಡಿದ ಬಣ್ಣದ ಭಾಗದಲ್ಲಿ ಕೆಂಪು ಸೂಕ್ಷ್ಮ ರಂಧ್ರಗಳಲ್ಲಿ ಕೂತು ಇಡೀ ಜಾಗ ತಿಳಿ ಗುಲಾಬಿ ಆಗುತ್ತದೆ. ಅದನ್ನು ನೋಡಿ ಗಾಬರಿ ಬೀಳಬೇಡಿ, ನೀವು ಹುಡುಕಬೇಕಾದ್ದು ಚೂಪಾದ ಗೆರೆ. ಎರಕದ ಸಾಮಾನಿಗೆ, ಅಂದರೆ ಸ್ಕೂಟರ್ ಇಂಜಿನ್ ಕವರ್ ಅಂಥದ್ದಕ್ಕೆ, ಹಾಕಿದರೆ ಎಲ್ಲ ಕಡೆ ಚುಕ್ಕಿ ಏಳುತ್ತದೆ. ಅದು ಎರಕದ ತೂತು, ಬಿರುಕಲ್ಲ. ಕಾರ್ಬನ್ ಫೈಬರಿಗೆ ಈ ಕಿಟ್ ತೆಗೆದುಕೊಂಡು ಹೋಗಲೇಬೇಡಿ.

ಹಳೆ ಬಂದರಿನಲ್ಲಿ ಬೋಟ್ ಇಂಜಿನ್ ರಿಪೇರಿ ಮಾಡುವ ಒಬ್ಬರು ಅಜ್ಜ ಇದ್ದಾರೆ. ಅವರಿಗೆ ಕಿಟ್ ತೋರಿಸಿದೆ. "ಇದಕ್ಕೆ ಸಾವಿರ ಕೊಟ್ರಾ? ಚಿಮಿಣಿ ಎಣ್ಣೆ, ಸೀಮೆಸುಣ್ಣ ಸಾಕಲ್ಲ ಮಾರಾಯ್ರೆ" ಅಂದರು. ಅವರು ಹೇಳಿದ್ದು ಸರಿಯೇ. ರೈಲ್ವೆಯವರು ಈ ಕಿಟ್ ಬರುವ ಎಷ್ಟೋ ಮೊದಲು ಹಾಗೆಯೇ ಮಾಡುತ್ತಿದ್ದರು. ಎಣ್ಣೆಯಲ್ಲಿ ಅದ್ದಿ, ಒರೆಸಿ, ಸುಣ್ಣದ ಪುಡಿ ಬಳಿದು, ಎಣ್ಣೆ ಎಲ್ಲಿ ಒಸರುತ್ತದೆ ಅಂತ ನೋಡುವುದು. ಅಜ್ಜನ ಎದುರೇ ಅದೇ ಮುರುಕು ಕ್ರ್ಯಾಂಕಿನ ಬಲಗಡೆಯ ಜೋಡಿಗೆ ಎರಡೂ ರೀತಿ ಮಾಡಿ ನೋಡಿದೆವು. ಅದರಲ್ಲೂ ತೂತಿನ ಅಂಚಿನಲ್ಲಿ ಒಂದು ಎಳೆಯ ಬಿರುಕು ಹೊರಟಿತ್ತು. ಚಿಮಿಣಿ ಎಣ್ಣೆಯಲ್ಲಿ ಮಸುಕಾದ ಒಂದು ಒದ್ದೆ ಕಲೆ, ಹೌದೋ ಅಲ್ಲವೋ ಅನ್ನುವ ಹಾಗೆ. ಕೆಂಪಿನಲ್ಲಿ ಸ್ಪಷ್ಟ ಗೆರೆ. ದಪ್ಪ ಬಿರುಕಿಗೆ ಅಜ್ಜನ ರೀತಿ ಸಾಕು. ಎಳೆಯದಕ್ಕೆ ಸಾಲದು. ಅಜ್ಜ ಒಪ್ಪಿದರು, ಆದರೆ ಕ್ಯಾನ್ ಕೊಳ್ಳುವ ಲಕ್ಷಣ ಕಾಣಲಿಲ್ಲ.

ಬಳಸುವಾಗಿನ ಕಿರಿಕಿರಿ ಹೇಳಿಬಿಡುತ್ತೇನೆ. ಕೆಂಪು ಕಲೆ ಬಟ್ಟೆಯಿಂದ ಹೋಗುವುದಿಲ್ಲ, ಉಗುರಿನಿಂದ ಹೋಗಲು ನಾಲ್ಕೈದು ದಿನ ಬೇಕು. ಗ್ಲೌಸ್ ಹಾಕಿ. ಸಿಮೆಂಟ್ ನೆಲದ ಮೇಲೆ ಪೇಪರ್ ಹಾಸದೆ ಹೊಡೆದರೆ ಮನೆಯಲ್ಲಿ ಏನೋ ಅನಾಹುತ ಆದ ಹಾಗೆ ಕಾಣುತ್ತದೆ. ವಾಸನೆ ಜಾಸ್ತಿ. ಮೂರೂ ಬೆಂಕಿ ಹಿಡಿಯುವಂಥದ್ದು, ಅಡುಗೆಮನೆ ಹತ್ತಿರ ಖಂಡಿತ ಬೇಡ. ಬ್ರೇಕ್ ಡಿಸ್ಕಿಗೆ, ಪ್ಯಾಡಿಗೆ ಒಂದು ಹನಿಯೂ ಬೀಳಬಾರದು. ಕೆಲಸ ಮುಗಿದ ಮೇಲೆ ಬಿಳಿ ಪುಡಿ ತೊಳೆದು ಒಣಗಿಸಿ, ಥ್ರೆಡ್‌ಗೆ ಗ್ರೀಸ್ ಹಚ್ಚಿ. ಪುಡಿ ಹಾಗೆಯೇ ಬಿಟ್ಟರೆ ತೇವ ಹಿಡಿದಿಟ್ಟುಕೊಂಡು ಅದೇ ತುಕ್ಕಿಗೆ ದಾರಿ. ನನ್ನ ಡೆವಲಪರ್ ಕ್ಯಾನಿನ ನಳಿಗೆ ಎರಡನೇ ಸಲಕ್ಕೇ ಕಟ್ಟಿಕೊಂಡಿತು. ಬಳಸಿದ ಮೇಲೆ ಕ್ಯಾನ್ ತಲೆಕೆಳಗೆ ಹಿಡಿದು ಬರೀ ಗ್ಯಾಸ್ ಬರುವ ತನಕ ಒತ್ತಿದರೆ ಕಟ್ಟಿಕೊಳ್ಳುವುದಿಲ್ಲ. ಸೂಚನೆಗಳು ಇಂಗ್ಲಿಷಿನಲ್ಲಿ, ಇರುವೆ ಸಾಲಿನಷ್ಟು ಚಿಕ್ಕ ಅಕ್ಷರದಲ್ಲಿವೆ. ಅದಕ್ಕೆ ಅರ್ಧ ಸ್ಟಾರ್ ಕಡಿಮೆ, ನಳಿಗೆಗೆ ಅರ್ಧ. ಒಟ್ಟು ಐದರಲ್ಲಿ ನಾಲ್ಕು.

ದಿನಾ ಕಚೇರಿಗೆ ಎರಡು ಕಿಲೋಮೀಟರ್ ತುಳಿಯುವವರಿಗೆ, ಉಕ್ಕಿನ ಕ್ರ್ಯಾಂಕಿನ ಹಳೇ ಸೈಕಲಿನವರಿಗೆ ಇದು ಬೇಡ. ಹಳೆಯ ಅಲ್ಯೂಮಿನಿಯಂ ಸೈಕಲಿನಲ್ಲಿ ಚಾರ್ಮಾಡಿ, ಆಗುಂಬೆ ಹತ್ತಿ ಇಳಿಯುವವರಿಗೆ ಬೇಕು. ಒಬ್ಬರೇ ಕೊಳ್ಳುವ ಬದಲು ಗುಂಪಿಗೊಂದು ಸಾಕು. ಕೊಳ್ಳುವಾಗ ತಯಾರಾದ ತಿಂಗಳು ನೋಡಿ, ಅಂಗಡಿಯ ಮೂಲೆಯಲ್ಲಿ ವರ್ಷಗಟ್ಟಲೆ ಕೂತ ಕ್ಯಾನ್ ತಳ್ಳಿಬಿಡುತ್ತಾರೆ. ಮೂರರಲ್ಲಿ ಮೊದಲು ಮುಗಿಯುವುದು ಕ್ಲೀನರ್. ಅದನ್ನು ಮಾತ್ರ ಬಿಡಿಯಾಗಿ ಇನ್ನೊಂದು ತೆಗೆದುಕೊಳ್ಳಿ.

ನಮ್ಮ ಗುಂಪಿನವರು ಇದನ್ನು ಓದುತ್ತಿದ್ದರೆ, ಮಳೆ ಹಿಡಿಯುವ ಮೊದಲು ಒಂದು ಆದಿತ್ಯವಾರ ನಮ್ಮ ಹಿತ್ತಲಿಗೆ ಕ್ರ್ಯಾಂಕ್ ಬಿಚ್ಚಿ ತನ್ನಿ. ತೊಳೆದು ತನ್ನಿ. ಗ್ರೀಸ್ ಸಮೇತ ತಂದವರಿಂದ ಕ್ಲೀನರಿನ ದುಡ್ಡು ವಸೂಲು ಮಾಡುತ್ತೇನೆ.